ಬಾಗುವ ನೌಕೆಯ ಮೇಲೆ ಪಿಎಚ್‌ಡಿ: ಹೊಸ ಕಂಟ್ರೋಲರ್ ಬರೆಯಲಾ, ಮೊದಲು ಮಾಡೆಲ್ ಸರಿ ಮಾಡಲಾ?

ಹಾಯಿಪಟ
ಪಿಎಚ್‌ಡಿ ಸೇರಿ 14 ತಿಂಗಳಾಯಿತು. ದೊಡ್ಡದಾದ, ತೆಳ್ಳಗಿನ, ಬಾಗುವ ಅಂಗಗಳಿರುವ ನೌಕೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಅಲ್ಲೇ ಹಿಡಿದಿಡುವುದು ನನ್ನ ವಿಷಯ. ಉದಾಹರಣೆಗೆ ಸೌರಹಾಯಿ, ಅಂದ್ರೆ ಬಿಸಿಲಿನ ಒತ್ತಿನಿಂದಲೇ ಸಾಗುವ ತೆಳ್ಳನೆ ಹಾಳೆಯ ನೌಕೆ, ತಗೊಂಡಿದ್ದೇನೆ.

ಸಮಸ್ಯೆ ಇದು. ನನ್ನ ಕಂಟ್ರೋಲರ್, ಅಂದ್ರೆ ನೌಕೆಯನ್ನು ಎತ್ತ ಎಷ್ಟು ತಿರುಗಿಸಬೇಕು ಅಂತ ಲೆಕ್ಕ ಹಾಕುವ ಪ್ರೋಗ್ರಾಂ, ಸಿಮ್ಯುಲೇಷನ್‌ನಲ್ಲಿ ಪ್ರತಿ ಸಲವೂ ಗೆಲ್ಲುತ್ತದೆ. ಓದುವ ಪೇಪರ್‌ಗಳಲ್ಲೂ ಅದೇ ಕಥೆ. ಎಲ್ಲ ಗ್ರಾಫೂ ಸ್ವಲ್ಪ ಕುಣಿದು ಸೊನ್ನೆಗೆ ಬಂದು ಮಲಗುತ್ತವೆ. ಆದರೆ ಆ ನೌಕೆಯ ಮಾಡೆಲ್, ಅಂದ್ರೆ ಅದರ ಸಮೀಕರಣ, ಬರೆದವಳು ನಾನೇ, ಅದನ್ನು ಹಿಡಿಯುವ ಕಂಟ್ರೋಲರ್ ಬರೆದವಳೂ ನಾನೇ. ಪ್ರಶ್ನೆಪತ್ರಿಕೆಯೂ ನನ್ನದು, ಉತ್ತರವೂ ನನ್ನದು. ಇದನ್ನು ಸಂಶೋಧನೆ ಅನ್ನೋದು ಹೇಗೆ?

ಈ ವರ್ಷ ಹೊಸ ಕಂಟ್ರೋಲರ್ ಇಟ್ಟುಕೊಂಡು ಎರಡು ಪೇಪರ್ ಆಗಲಿ ಅಂತ ಗೈಡ್ ಹೇಳುತ್ತಿದ್ದಾರೆ. ನನಗೆ ಆರು ತಿಂಗಳು ಮಾಡೆಲ್ ಮೇಲೆಯೇ ಕೂರಬೇಕು ಅನ್ನಿಸುತ್ತಿದೆ. ಹಾಯಿಯ ಕಂಬ ಎಷ್ಟು ಬಾಗುತ್ತದೆ, ಹಾಳೆ ಎಲ್ಲಿ ಸುಕ್ಕಾಗುತ್ತದೆ, ಅದರಿಂದ ಎಷ್ಟು ಟಾರ್ಕ್ (ತಿರುಗಿಸುವ ನೂಕು) ಹುಟ್ಟುತ್ತದೆ ಅಂತ. ಪೇಪರ್ ಇಲ್ಲದೆ ಆರು ತಿಂಗಳು ಕಳೆಯಬಹುದಾ? ಈ ದಾರಿಯಲ್ಲಿ ನಡೆದವರು ಹೇಳಿ.

ಮೂರನೇಅಕ್ಷ
ಮಾಡೆಲ್. ಎರಡು ಮಾತಿಲ್ಲ.

ಬುಗುರಿ
ನಿಮ್ಮ ಪ್ರಶ್ನೆ ಈ ಕ್ಷೇತ್ರದಷ್ಟೇ ಹಳೆಯದು. 1958ರ ಜನವರಿ 31ರಂದು ಹಾರಿದ ಎಕ್ಸ್‌ಪ್ಲೋರರ್ 1 ನೋಡಿ. ಪೆನ್ಸಿಲ್‌ನಂತೆ ಉದ್ದನೆಯ ಉಪಗ್ರಹ. ಉದ್ದದ ಅಕ್ಷದ ಸುತ್ತ ಬುಗುರಿಯಂತೆ ತಿರುಗುತ್ತ ಸ್ಥಿರವಾಗಿ ಇರುತ್ತದೆ ಅಂತ ಲೆಕ್ಕ. ಗಟ್ಟಿ ವಸ್ತುವಿಗೆ ಆ ಲೆಕ್ಕ ಸರಿ. ಆದರೆ ಅದಕ್ಕೆ ಚಾಟಿಯಂಥ ನಾಲ್ಕು ಬಾಗುವ ಆಂಟೆನಾ ಇದ್ದವು. ಅವು ಅಲುಗಾಡುತ್ತ ತಿರುಗುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಶಾಖವಾಗಿ ಕರಗಿಸಿದವು. ಶಕ್ತಿ ಕಡಿಮೆಯಾದರೂ ಕೋನೀಯ ಸಂವೇಗ ಹಾಗೇ ಉಳಿಯಬೇಕಲ್ಲ? ಆಗ ವಸ್ತುವಿಗೆ ಉಳಿಯುವ ದಾರಿ ಒಂದೇ, ಜಡತ್ವ ಅತಿ ಹೆಚ್ಚಿರುವ ಅಕ್ಷದ ಸುತ್ತ ತಿರುಗುವುದು. ಪೆನ್ಸಿಲ್ ಅಡ್ಡಡ್ಡ ಉರುಳತೊಡಗಿತು.

ಅಲ್ಲಿ ಕಂಟ್ರೋಲರೇ ಇರಲಿಲ್ಲ. ನಾಲ್ಕು ತಂತಿಗಳನ್ನು ಲೆಕ್ಕದಿಂದ ಬಿಟ್ಟಿದ್ದೇ ತಪ್ಪು. ನಿಮ್ಮ ನೌಕೆಯಲ್ಲಿ ಆ ನಾಲ್ಕು ತಂತಿ ಯಾವುವು ಅಂತ ಹುಡುಕಿ, ಅದೇ ನಿಮ್ಮ ಥೀಸಿಸ್.

ಎರಡನೇಪೋಸ್ಟ್‌ಡಾಕ್
ಎಲ್ಲರೂ ಮಾಡೆಲ್ ಮಾಡೆಲ್ ಅನ್ನುತ್ತಿದ್ದೀರಿ. ಅವಳ ಜಾಗದಲ್ಲಿ ನಿಂತು ನೋಡಿ. ನಾನು ಮೂರು ವರ್ಷ ಒಂದೇ ಮಾಡೆಲ್ ತಿದ್ದುತ್ತ ಕೂತೆ. ಕೆಲಸ ಚೆನ್ನಾಗಿತ್ತು, ಈಗಲೂ ಹೆಮ್ಮೆ ಇದೆ. ಆದರೆ ಪಿಎಚ್‌ಡಿ ಮುಗಿಯುವಾಗ ಕೈಯಲ್ಲಿ ಒಂದೇ ಪೇಪರ್. ಅರ್ಜಿ ಹಾಕಿದ ಕಡೆಯೆಲ್ಲ ಮೊದಲು ಎಣಿಸಿದ್ದು ಅದನ್ನೇ. ಒಂದು ಇಲಾಖೆಯವರು ನಾನು ಏನು ಮಾಡಿದೆ ಅಂತ ಕೇಳಲೂ ಇಲ್ಲ, ಎಷ್ಟು ಬರೆದೆ ಅಂತ ಕೇಳಿದರು. ಆ ನೋವು ಇನ್ನೂ ಹೋಗಿಲ್ಲ.

ಹಾಗಾಗಿ ಒಂದು ಚಿಕ್ಕ ಕಂಟ್ರೋಲರ್ ಪೇಪರ್ ಬರೆದು ಕಳಿಸಿ, ಅದು ವಿಮರ್ಶಕರ ಬಳಿ ಇರುವಾಗ ಮಾಡೆಲ್ ಮಾಡಿ. ಎರಡನ್ನೂ ಬಿಡಬೇಡಿ.

ಮೂರನೇಅಕ್ಷ
ನಿಮ್ಮ ಮಾತು ಒಪ್ಪುತ್ತೇನೆ. ಎರಡು ಮಾತಿಲ್ಲ ಅಂದಿದ್ದು ಅವಸರವಾಯಿತು.

ಗಣಿತಪ್ರಿಯೆ
ಕಂಟ್ರೋಲರ್ ಕೆಲಸ ಅಂದ್ರೆ ಸುಮ್ನೆ ಗ್ರಾಫ್ ಮಲಗಿಸೋದು ಅಂತ ಮಾತಾಡಬೇಡಿ ದಯವಿಟ್ಟು. ಅದರಲ್ಲಿ ನಿಜವಾದ ಆಳ ಇದೆ.

ಒಂದು ಉದಾಹರಣೆ. ದಿಕ್ಕನ್ನು ಕ್ವಾಟರ್ನಿಯನ್‌ನಲ್ಲಿ, ಅಂದ್ರೆ ನಾಲ್ಕು ಸಂಖ್ಯೆಗಳಲ್ಲಿ, ಬರೆದರೆ q ಮತ್ತು −q ಎರಡೂ ಒಂದೇ ದಿಕ್ಕು. ಇದನ್ನು ಮರೆತು ಕಂಟ್ರೋಲರ್ ಬರೆದರೆ ಏನಾಗುತ್ತದೆ? ಗುರಿಯ ಪಕ್ಕದಲ್ಲೇ ಇರುವ ನೌಕೆ ಸುತ್ತುಬಳಸಿ ಹೆಚ್ಚುಕಡಿಮೆ 360 ಡಿಗ್ರಿ ತಿರುಗಿ ಮತ್ತೆ ಅಲ್ಲಿಗೇ ಬರುತ್ತದೆ. ಇಂಧನವೂ ಹೋಯಿತು, ಸಮಯವೂ ಹೋಯಿತು. ಚಿಹ್ನೆ ನೋಡಿ ಹತ್ತಿರದ ದಾರಿ ಹಿಡಿಯಬಹುದು. ಆದರೆ ಆಗ ಕಂಟ್ರೋಲರ್ ಒಂದು ಕಡೆ ಜಿಗಿಯಲೇಬೇಕು, ನಯವಾಗಿ ಇರೋಕಾಗಲ್ಲ. ದಿಕ್ಕುಗಳ ಲೋಕದ ಆಕಾರವೇ ಹಾಗಿದೆ. ಯಾವ ಆರಂಭದಿಂದ ಹೊರಟರೂ ಗುರಿ ತಲುಪಿಸುವ, ಎಲ್ಲೂ ಜಿಗಿಯದ ಒಂದೇ ಫೀಡ್‌ಬ್ಯಾಕ್ ಇರಲು ಸಾಧ್ಯವೇ ಇಲ್ಲ ಅಂತ ಸಾಧಿಸಿದ್ದಾರೆ. ಎಷ್ಟು ಒಳ್ಳೆಯ ಮಾಡೆಲ್ ಇದ್ದರೂ ಈ ಗೋಡೆ ದಾಟೋಕಾಗಲ್ಲ.

ಹಳೆಕೋಡ್
ಕ್ವಾಟರ್ನಿಯನ್ ಮಾತು ಬಂತಲ್ಲ, ಹಾಯಿಪಟ ಅವರೇ, ಒಂದು ಸಣ್ಣ ವಿಷಯ. ಆ ನಾಲ್ಕರಲ್ಲಿ ಸಂಖ್ಯಾಭಾಗ (ಸ್ಕೇಲರ್) ಮೊದಲು ಬರುತ್ತದೋ ಕೊನೆಗೆ ಬರುತ್ತದೋ ಅಂತ ಪ್ರತಿ ಫೈಲ್‌ನ ತಲೆಯಲ್ಲಿ ಬರೆದಿಡಿ. ಇಬ್ಬರ ಕೋಡ್ ಸೇರಿಸುವಾಗ ಇದರಿಂದ ನಾನು ಕಳೆದುಕೊಂಡ ವಾರಗಳು ಒಂದೆರಡಲ್ಲ.

ಕಕ್ಷೆಗಾರ
ಕೆಪ್ಲರ್ ದೂರದರ್ಶಕ ನೆನಪಿದೆಯಾ? ನೌಕೆಯ ದಿಕ್ಕು ಬದಲಿಸಲು ಒಳಗೆ ತಿರುಗುವ ಚಕ್ರಗಳು, ಅಂದ್ರೆ ರಿಯಾಕ್ಷನ್ ವೀಲ್, ಮೂರು ಕೆಟ್ಟು ಹೋದರೂ ಒಂದರಲ್ಲೇ ಓಡಿಸಿದರು. ಮಾಡೆಲ್ ಗೊತ್ತಿದ್ದರೆ ಏನು ಬೇಕಾದರೂ ಮಾಡಬಹುದು.

ಬುಗುರಿ
ಇಲ್ಲ, ಅಲ್ಲಿ ಇದ್ದದ್ದು ನಾಲ್ಕು, ಕೆಟ್ಟದ್ದು ಎರಡು. ಒಂದು 2012ರ ಜುಲೈನಲ್ಲಿ, ಇನ್ನೊಂದು 2013ರ ಮೇನಲ್ಲಿ. ಉಳಿದ ಎರಡರಿಂದ ಎರಡು ಅಕ್ಷ ಹಿಡಿದರು. ಮೂರನೆಯದಕ್ಕೆ ಬಿಸಿಲನ್ನೇ ಬಳಸಿದರು. ನೌಕೆಯ ಎರಡು ಬದಿಗೂ ಸೂರ್ಯನ ಬೆಳಕಿನ ಒತ್ತು ಸಮನಾಗಿ ಬೀಳುವಂತೆ ನಿಲ್ಲಿಸಿದರೆ ಅದು ಆ ಅಕ್ಷದ ಸುತ್ತ ಉರುಳುವುದು ತೀರಾ ನಿಧಾನವಾಗುತ್ತದೆ. ಆಗಾಗ ಚಿಕ್ಕ ಎಂಜಿನ್ ಅಂದ್ರೆ ಥ್ರಸ್ಟರ್‌ನಿಂದ ಸ್ವಲ್ಪ ತಿದ್ದಿದರೆ ಸಾಕು. ಕೆ2 ಅಂತ ಹೆಸರಿಟ್ಟು 2014ರಿಂದ 2018ರಲ್ಲಿ ಇಂಧನ ಮುಗಿಯುವವರೆಗೂ ನಡೆಸಿದರು.

ಆದರೆ ನಿಮ್ಮ ಮಾತಿನ ತಿರುಳು ಸರಿ. ಅದುವರೆಗೆ ಕಾಟ ಅಂತ ತೆಗೆದುಹಾಕುತ್ತಿದ್ದ ಬಲವನ್ನೇ ಆಸರೆ ಮಾಡಿಕೊಂಡರು. ಅದನ್ನು ಅಷ್ಟು ಚೆನ್ನಾಗಿ ಅಳೆದಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಕಕ್ಷೆಗಾರ
ತಿದ್ದಿದ್ದಕ್ಕೆ ಥ್ಯಾಂಕ್ಸ್. ಬೇರೆ ಯಾವುದರ ಜೊತೆಗೋ ಸೇರಿಸಿಕೊಂಡಿದ್ದೆ.

ಹಾಯಿಪಟ
ಬಿಸಿಲಿನ ಒತ್ತು ಅಂದಿರಿ, ಅದಕ್ಕೇ ನನ್ನ ಲೆಕ್ಕ ಇಲ್ಲಿಡುತ್ತೇನೆ. ಜಪಾನಿನ ಇಕಾರೋಸ್ 2010ರ ಮೇನಲ್ಲಿ ಹೋಯಿತು. ಬದಿಗೆ 14 ಮೀಟರ್ ಇರುವ ಚೌಕದ ಹಾಯಿ, ದಪ್ಪ 7.5 ಮೈಕ್ರೋಮೀಟರ್. ಬಿಸಿಲು ಅದನ್ನು ನೂಕುವ ಬಲ 1.12 ಮಿಲಿನ್ಯೂಟನ್ ಅಂತ ಅಳೆದರು. ನೆಲದ ಮೇಲೆ ಒಂದು ಗುಲಗಂಜಿ ಕಾಳಿನ ತೂಕ!

ಈಗ ಇಷ್ಟೇ ಬಲ ಬೀಳುವ, ಆದರೆ ತಿರುಗದೆ ನಿಂತ ಹಾಯಿ ಇದೆ ಅಂದುಕೊಳ್ಳಿ. ನೂಕು ಬೀಳುವ ಕೇಂದ್ರಕ್ಕೂ ನೌಕೆಯ ತೂಕದ ಕೇಂದ್ರಕ್ಕೂ 1 ಸೆಂಟಿಮೀಟರ್ ವ್ಯತ್ಯಾಸ. ಟಾರ್ಕ್ ಸುಮಾರು 11 ಮೈಕ್ರೋನ್ಯೂಟನ್-ಮೀಟರ್. ದಿನಕ್ಕೆ 86,400 ಸೆಕೆಂಡು. ಕೂಡಿಸಿದರೆ ಸುಮಾರು 1 ನ್ಯೂಟನ್-ಮೀಟರ್-ಸೆಕೆಂಡ್ ಸಂವೇಗ. ಅಷ್ಟೇ ಹಿಡಿಸುವ ಚಿಕ್ಕ ರಿಯಾಕ್ಷನ್ ವೀಲ್ ಇಟ್ಟರೆ ಒಂದೇ ದಿನದಲ್ಲಿ ತುಂಬಿಹೋಗುತ್ತದೆ. 14 ಮೀಟರ್ ಹಾಳೆಯಲ್ಲಿ 1 ಸೆಂ.ಮೀ. ಅಂದ್ರೆ ಕಂಬ ಒಂಚೂರು ಬಾಗಿದರೆ ಸಾಕು. ನಾನು ಇದುವರೆಗೆ ಈ ವ್ಯತ್ಯಾಸವನ್ನು ಸೊನ್ನೆ ಅಂತಲೇ ಹಿಡಿದಿದ್ದೆ.

ಬುಗುರಿ
ಇಕಾರೋಸ್ ತಿರುಗುತ್ತಿತ್ತು, ಹಾಗಾಗಿ ಅದಕ್ಕೆ ಈ ತರ ಒಂದೇ ಕಡೆ ಕೂಡುವುದಿಲ್ಲ. ಅದಕ್ಕೆ ಬೇರೆ ಪಾಠ ಕಾದಿತ್ತು. ಹಾಯಿ ಪೂರ್ತಿ ಚಪ್ಪಟೆಯಾಗಿ ಇರಲಿಲ್ಲ, ಆ ತಿರುಚಿನಿಂದ ಬಿಸಿಲು ಅದನ್ನು ಗಾಳಿಗಿರಣಿಯಂತೆ ನೂಕಿ ತಿರುಗುವ ವೇಗವನ್ನೇ ಬದಲಿಸಿತು. ಅದನ್ನು ವಿವರಿಸಲು ಹೊಸ ಮಾಡೆಲ್ ಕಟ್ಟಬೇಕಾಯಿತು.

ಕಂಬ ಚಾಚುವ ಹಾಯಿ ಬೇಕಾದರೆ ನಾಸಾದ ಎಸಿಎಸ್3 ನೋಡಿ. 2024ರ ಏಪ್ರಿಲ್‌ನಲ್ಲಿ ಹಾರಿದ್ದು, ಹಾಯಿ 80 ಚದರ ಮೀಟರ್. ಬಿಚ್ಚುವಾಗ ನೌಕೆಯ ಸ್ವಭಾವವೇ ಬದಲಾಗುತ್ತದೆ ಅಂತ ದಿಕ್ಕು ಹಿಡಿಯುವ ವ್ಯವಸ್ಥೆಯನ್ನು ಬೇಕೆಂದೇ ಆಫ್ ಮಾಡಿಟ್ಟಿದ್ದರು. ಬಿಚ್ಚಿದ ಮೇಲೆ ಒಂದು ಕಂಬ ಸ್ವಲ್ಪ ಬಾಗಿರುವುದು ಕಂಡಿತು.

ಮೂರನೇಅಕ್ಷ
ಬಿಸಿಲು ನೂಕುವುದಷ್ಟೇ ಅಲ್ಲ, ಬಿಸಿಯನ್ನೂ ಮಾಡುತ್ತದೆ. ಹಬಲ್ 1990ರಲ್ಲಿ ಹೋದಾಗ ಅದರ ಸೌರಫಲಕಗಳು ನೆರಳಿನಿಂದ ಬಿಸಿಲಿಗೆ ಬಂದಾಗಲೆಲ್ಲ ಹಿಗ್ಗಿ ಕುಗ್ಗಿ ಇಡೀ ದೂರದರ್ಶಕವನ್ನು ಅಲುಗಿಸುತ್ತಿದ್ದವು. 1993ರಲ್ಲಿ ಬದಲಿಸಿದರು. 2002ರಲ್ಲಿ ಗಟ್ಟಿ ಫಲಕವನ್ನೇ ಹಾಕಿದರು.

ಕಲಿಯುವಯಂತ್ರ
ನನ್ನ ಅಭಿಪ್ರಾಯ ಬೇರೆ. ಮಾಡೆಲ್ ಎಂದಿಗೂ ಪೂರ್ತಿ ಸರಿ ಬರುವುದಿಲ್ಲ ಅಂತ ನೀವೇ ಹೇಳುತ್ತಿದ್ದೀರಿ. ಹಾಗಿದ್ದ ಮೇಲೆ ಸಾವಿರಾರು ಬೇರೆ ಬೇರೆ ಮಾಡೆಲ್‌ಗಳ ಮೇಲೆ ಒಂದು ನ್ಯೂರಲ್ ನೆಟ್‌ವರ್ಕ್‌ಗೆ ತರಬೇತಿ ಕೊಡಿ. ಕಂಬ ಬಾಗಿದ್ದರೂ, ಹಾಳೆ ಸುಕ್ಕಾಗಿದ್ದರೂ ಹೊಂದಿಕೊಳ್ಳಲು ಕಲಿಯುತ್ತದೆ. ಈಗಿನ ಹುಡುಗರು ಹೋಗಬೇಕಾದ ದಾರಿ ಇದು.

ಗಣಿತಪ್ರಿಯೆ
ಆ ಸಾವಿರಾರು ಮಾಡೆಲ್‌ಗಳನ್ನು ಯಾರು ಬರೆಯುತ್ತಾರೆ? ಎಕ್ಸ್‌ಪ್ಲೋರರ್ ಕಾಲದಲ್ಲಿ ನೀವು ಇದ್ದಿದ್ದರೆ ಸಾವಿರ ಗಟ್ಟಿ ಪೆನ್ಸಿಲ್‌ಗಳ ಮೇಲೆ ತರಬೇತಿ ಕೊಡುತ್ತಿದ್ದಿರಿ. ಆಂಟೆನಾದ ವಿಷಯ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. ನೌಕೆಯಲ್ಲಿ ಹೋಗುವ ಕಂಪ್ಯೂಟರ್ ನಿಮ್ಮ ಮೇಜಿನದಲ್ಲ. ಜೇಮ್ಸ್ ವೆಬ್‌ನ ಮುಖ್ಯ ಪ್ರೊಸೆಸರ್ ಓಡುವುದು 118 ಮೆಗಾಹರ್ಟ್ಸ್‌ನಲ್ಲಿ.

ಕಲಿಯುವಯಂತ್ರ
ತರಬೇತಿ ನೆಲದ ಮೇಲೆ ನಡೆಯುತ್ತದೆ. ನೌಕೆಯಲ್ಲಿ ಓಡುವುದು ಕೆಲವು ಗುಣಾಕಾರಗಳು ಅಷ್ಟೇ. ಚಿಕ್ಕ ನೆಟ್‌ವರ್ಕ್‌ಗೆ ಆ ವೇಗ ಧಾರಾಳವಾಯಿತು. ಆದರೆ ಮೊದಲ ಮಾತು ಸರಿ, ಮಾಡೆಲ್‌ಗಳ ಗುಂಪಿನಲ್ಲೇ ಇಲ್ಲದ್ದನ್ನು ಅದು ಕಲಿಯುವುದಿಲ್ಲ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಕಕ್ಷೆಗಾರ
ವಿಷಯ ಬಿಟ್ಟು ಒಂದು ಪ್ರಶ್ನೆ. ಬಾಹ್ಯಾಕಾಶ ನಿಲ್ದಾಣದಲ್ಲಿ ರೆಕ್ಕೆ ಇರುವ ನಟ್ ತೇಲುತ್ತ ತಿರುಗುತ್ತ ಇದ್ದಕ್ಕಿದ್ದಂತೆ ತಲೆಕೆಳಗಾಗುತ್ತದಲ್ಲ, ಅದೂ ಎಕ್ಸ್‌ಪ್ಲೋರರ್ ತರದ್ದೇನಾ?

ಬುಗುರಿ
ಅಲ್ಲ, ಬೇರೆ. ಅದನ್ನು 1985ರಲ್ಲಿ ಸೋವಿಯತ್ ನಿಲ್ದಾಣ ಸಲ್ಯೂತ್ 7ರಲ್ಲಿ ಗಗನಯಾತ್ರಿ ಜಾನಿಬೆಕೊವ್ ನೋಡಿದ್ದು. ಅಲ್ಲಿ ಶಕ್ತಿ ಕರಗಬೇಕಾಗಿಲ್ಲ. ಮೂರು ಜಡತ್ವಗಳಲ್ಲಿ ನಡುವಿನದರ ಸುತ್ತ ತಿರುಗುವುದೇ ಅಸ್ಥಿರ. ಪೂರ್ತಿ ಗಟ್ಟಿ ವಸ್ತುವಿನಲ್ಲೂ ಆಗುತ್ತದೆ. ಒಂದು ದಪ್ಪ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮೂರು ಅಕ್ಷದ ಸುತ್ತಲೂ ಎಸೆದು ನೋಡಿ. ಎರಡರಲ್ಲಿ ನೆಟ್ಟಗೆ ತಿರುಗುತ್ತದೆ, ಒಂದರಲ್ಲಿ ಎಷ್ಟು ಹುಷಾರಾಗಿ ಎಸೆದರೂ ಮಗುಚಿಕೊಳ್ಳುತ್ತದೆ.

ಕಕ್ಷೆಗಾರ
ಈಗಷ್ಟೇ ಎಸೆದು ನೋಡಿದೆ. ಮಗಳು ಇನ್ನೂ ಎಸೆಯುತ್ತಿದ್ದಾಳೆ.

ಹಳೆಕೋಡ್
ಮತ್ತೆ ವಿಷಯಕ್ಕೆ ಬರೋಣ. ಮಾಡೆಲ್ ಒಂದು ಕಡೆ, ಕಂಟ್ರೋಲರ್ ಇನ್ನೊಂದು ಕಡೆ ಅಂತ ನೀವೆಲ್ಲ ಹಂಚಿಕೊಂಡು ಜಗಳವಾಡುತ್ತಿದ್ದೀರಿ. ಹಿತೋಮಿ ಕಥೆ ಓದಿದರೆ ಆ ಗೆರೆ ಅಳಿಸಿಹೋಗುತ್ತದೆ.

ಜಪಾನಿನ ಎಕ್ಸ್-ರೇ ದೂರದರ್ಶಕ ಅದು. 2016ರ ಫೆಬ್ರವರಿ 17ರಂದು ಹಾರಿತು, ಮಾರ್ಚ್ 26ರಂದು ಚೂರಾಯಿತು. ಸುಮ್ನೆ ನಿಂತಿದ್ದ ನೌಕೆ ಗಂಟೆಗೆ 21.7 ಡಿಗ್ರಿ ತಿರುಗುತ್ತಿದೆ ಅಂತ ಅದರ ಅಂದಾಜು ಹೇಳಿತು. ನಕ್ಷತ್ರ ನೋಡುವ ಸೆನ್ಸರ್ ಕೊಟ್ಟ ಸರಿಯಾದ ಉತ್ತರ ಅಂದಾಜಿಗಿಂತ ತುಂಬಾ ದೂರ ಇದ್ದದ್ದರಿಂದ ಅದನ್ನೇ ತಪ್ಪು ಅಂತ ಪಕ್ಕಕ್ಕಿಟ್ಟಿತು. ಇಲ್ಲದ ತಿರುಗಾಟ ನಿಲ್ಲಿಸಲು ರಿಯಾಕ್ಷನ್ ವೀಲ್‌ಗಳು ದುಡಿದವು, ನೌಕೆ ನಿಜವಾಗಿಯೇ ತಿರುಗಿತು. ವೀಲ್‌ಗಳು ತುಂಬುತ್ತ ಬಂದಾಗ ಸುರಕ್ಷಿತ ಸ್ಥಿತಿಗೆ ಹೋಗಲು ಥ್ರಸ್ಟರ್ ಹಚ್ಚಿತು. ಉದ್ದನೆಯ ಕಂಬ ಚಾಚಿದ ಮೇಲೆ ಜಡತ್ವ ಬದಲಾಗಿತ್ತಲ್ಲ, ಅದಕ್ಕಾಗಿ ಕೆಲವು ವಾರದ ಹಿಂದೆ ಕಳಿಸಿದ್ದ ಹೊಸ ಅಂಕಿಗಳೇ ತಪ್ಪಿದ್ದವು. ನಿಲ್ಲಿಸಬೇಕಾದ ಥ್ರಸ್ಟರ್ ಇನ್ನಷ್ಟು ಜೋರಾಗಿ ತಿರುಗಿಸಿತು. ಫಲಕಗಳೂ ಕಂಬವೂ ಮುರಿದುಹೋದವು.

ಇದರಲ್ಲಿ ಯಾವುದು ಮಾಡೆಲ್ ತಪ್ಪು, ಯಾವುದು ಕಂಟ್ರೋಲರ್ ತಪ್ಪು? ಪ್ರತಿ ಹೆಜ್ಜೆಯೂ ತನ್ನ ಪಾಡಿಗೆ ಹೇಳಿದ ಕೆಲಸ ಮಾಡಿದೆ. ನಾನು ಹೊಸಬರಿಗೆ ಮೊದಲು ಓದಿ ಅನ್ನುವುದು ಇಂಥ ವಿಚಾರಣಾ ವರದಿಗಳನ್ನು.

ಲ್ಯಾಬ್‌ವಾಸಿ
ಹಳೆಕೋಡ್ ಹೇಳಿದ್ದನ್ನು ಓದಿ ನನ್ನ ಹಳೆಯ ದಿನ ನೆನಪಾಯಿತು. ವಿದ್ಯಾರ್ಥಿಗಳು ಕಟ್ಟಿದ ಚಿಕ್ಕ ಉಪಗ್ರಹವೊಂದರಲ್ಲಿ ನಾನಿದ್ದೆ. ಕಳಚಿಕೊಂಡ ಮೇಲೆ ಉರುಳಾಟ ನಿಲ್ಲಿಸಲು ಕಾಂತೀಯ ಸುರುಳಿಗಳು. ಭೂಮಿಯ ಕಾಂತಕ್ಷೇತ್ರ ಹೇಗೆ ಬದಲಾಗುತ್ತಿದೆ ಅಂತ ನೋಡಿ ಅದಕ್ಕೆ ಎದುರಾಗಿ ಸುರುಳಿ ನಡೆಸುವ ಸರಳ ವಿಧಾನ. ಸಿಮ್ಯುಲೇಷನ್ ನೂರಕ್ಕೆ ನೂರು. ಒಂದು ಸಂಜೆ ಗೆಳೆಯನೊಬ್ಬ ಸುರುಳಿಯ ಪಕ್ಕ ದಿಕ್ಸೂಚಿ ಇಟ್ಟ. ಮುಳ್ಳು ಉಲ್ಟಾ ತಿರುಗಿತು! ಒಂದು ಸುರುಳಿಯ ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದೆವು. ಹಾಗೇ ಹಾರಿದ್ದರೆ ಆ ಅಕ್ಷದಲ್ಲಿ ನಿಲ್ಲಿಸುವ ಬದಲು ತಿರುಗಿಸುತ್ತ ಹೋಗುತ್ತಿತ್ತು.

ಗಾಳಿ ಬೇರಿಂಗ್ ಮೇಜು (ಗಾಳಿಯ ಪದರದ ಮೇಲೆ ಘರ್ಷಣೆಯಿಲ್ಲದೆ ತಿರುಗುವ ಮೇಜು) ಇಲ್ಲದಿದ್ದರೂ ಪರವಾಗಿಲ್ಲ. ಒಂದು ದಾರಕ್ಕೆ ಚಿಕ್ಕ ವೀಲ್ ಕಟ್ಟಿ ನೇತುಹಾಕಿ, ಪಕ್ಕದಲ್ಲಿ ಒಂದು ತೆಳ್ಳಗಿನ ಪಟ್ಟಿ ಸಿಕ್ಕಿಸಿ. ಒಂದು ಅಕ್ಷದ ಬಾಗುವ ನೌಕೆ ತಯಾರು.

ಮೂರನೇಅಕ್ಷ
ಟ್ಯಾಂಕಿನ ಇಂಧನ ಮರೆಯಬೇಡಿ ಮತ್ತೆ. ತುಂಬಿದ ಕೊಡ ತುಳುಕುವುದಿಲ್ಲ, ಆದರೆ ನೌಕೆಯ ಕೊಡ ದಾರಿಯುದ್ದಕ್ಕೂ ಖಾಲಿಯಾಗುತ್ತಲೇ ಇರುತ್ತದೆ. ಮೊದಲ ದಿನದ ಮಾಡೆಲ್ ಮೂರನೇ ವರ್ಷಕ್ಕೆ ಹೊಂದುವುದಿಲ್ಲ. ಎರೋಸ್ ಕ್ಷುದ್ರಗ್ರಹಕ್ಕೆ ಹೊರಟಿದ್ದ ನಾಸಾದ ನಿಯರ್ ನೌಕೆ 1998ರ ಡಿಸೆಂಬರ್‌ನಲ್ಲಿ ಎಂಜಿನ್ ಹಚ್ಚಿದಾಗ ಪಕ್ಕಕ್ಕೆ ಬಂದ ಅಲುಗಾಟ ಹಾಕಿಟ್ಟ ಮಿತಿ ದಾಟಿತು. ಅದು ತಾನೇ ಎಂಜಿನ್ ನಿಲ್ಲಿಸಿಕೊಂಡಿತು. ಎರೋಸ್ ಸುತ್ತ ಕಕ್ಷೆ ಸೇರಿದ್ದು 2000ದ ಫೆಬ್ರವರಿಯಲ್ಲಿ, ಒಂದು ವರ್ಷಕ್ಕೂ ಮೀರಿ ತಡವಾಗಿ.

ಕಕ್ಷೆಗಾರ
ನಮ್ಮ ಚಂದ್ರಯಾನವನ್ನು ಯಾರೂ ಹೇಳಲಿಲ್ಲ ಯಾಕೆ? ವಿಕ್ರಮ್ 2019ರಲ್ಲಿ ಯಾಕೆ ಬಿತ್ತು ಅಂತ 2023ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಆ ವರ್ಷ ಬಿಡಿಸಿ ಹೇಳಿದರು. ಎಂಜಿನ್‌ಗಳ ನೂಕು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂತು, ತಪ್ಪುಗಳು ಕೂಡುತ್ತ ಹೋದವು. ಆಮೇಲೆ ಬೇಗ ತಿರುಗಬೇಕಾದಾಗ ತಿರುಗುವ ವೇಗಕ್ಕೆ ಸಾಫ್ಟ್‌ವೇರ್ ಹಾಕಿದ್ದ ಮಿತಿ ಅಡ್ಡ ಬಂತು. ಇಳಿಯುವ ಜಾಗವೂ 500 ಮೀಟರ್ ಚೌಕದಷ್ಟು ಚಿಕ್ಕದು. ಮುಂದಿನ ಸಲ ಏನೇನು ಕೆಡಬಹುದು ಅಂತ ಪಟ್ಟಿ ಮಾಡಿ ವಿನ್ಯಾಸ ಶುರು ಮಾಡಿದರು. 2023ರ ಆಗಸ್ಟ್ 23ರ ಸಂಜೆ ನಾನು ಅತ್ತೇ ಬಿಟ್ಟೆ.

ಗಣಿತಪ್ರಿಯೆ
ನಾನೂ.

ಎರಡನೇಪೋಸ್ಟ್‌ಡಾಕ್
ಹಾಯಿಪಟ, ನಿಮ್ಮ ಮೊದಲ ಮಾತಿಗೆ ಒಂದು ಉಪಾಯ. ಪ್ರಶ್ನೆಪತ್ರಿಕೆ ನಿಮ್ಮದೇ ಅನ್ನೋದು ಚಿಂತೆ ತಾನೇ? ನೌಕೆಯನ್ನು ಬೇರೆಯವರ ಕೈಲಿ ಬರೆಸಿ. ಬ್ಯಾಸಿಲಿಸ್ಕ್ ಅನ್ನೋ ನೌಕೆಯ ಸಿಮ್ಯುಲೇಷನ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಬಾಗುವ ಫಲಕ, ತುಳುಕುವ ಇಂಧನ ಎಲ್ಲ ಅದರಲ್ಲಿವೆ. ಲ್ಯಾಬಿನ ಗೆಳೆಯರೊಬ್ಬರು ಅಂಕಿಗಳನ್ನು ತಮಗಿಷ್ಟ ಬಂದಂತೆ ಇಟ್ಟು ನಿಮಗೆ ಹೇಳದೆ ಮುಚ್ಚಿಡಲಿ. ನಿಮಗೆ ಸಿಗುವುದು ಸೆನ್ಸರ್ ಓದುಗಳು ಮಾತ್ರ. ಸೋತರೆ ಎಲ್ಲಿ ಸೋತಿತು ಅನ್ನೋದೇ ಪೇಪರ್. ಗೈಡೂ ಒಪ್ಪುತ್ತಾರೆ, ನಿಮ್ಮ ಆರು ತಿಂಗಳೂ ಉಳಿಯುತ್ತದೆ.

ಹಾಯಿಪಟ
ಇದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಕೇಳುತ್ತೇನೆ.

ಹಾಯಿಪಟ (ಐದು ವಾರದ ನಂತರ)
ಮಾಡಿದೆವು. ಲ್ಯಾಬಿನ ಗೆಳತಿ ನೌಕೆ ಬರೆದಳು. ನನ್ನ ಕಂಟ್ರೋಲರ್ ಮೊದಲ ಓಟದಲ್ಲೇ ಕೈಕೊಟ್ಟಿತು. ದಿಕ್ಕು ಸರಿಯಾಗುತ್ತ ಬಂದು, ಆಮೇಲೆ ಕಂಬಗಳ ಕುಣಿತ ನಿಧಾನಕ್ಕೆ ದೊಡ್ಡದಾಗುತ್ತ ಹೋಯಿತು. ಕಾರಣ ಹುಡುಕಲು ಒಂಬತ್ತು ದಿನ ಬೇಕಾಯಿತು. ಕಂಬದ ಮೊದಲ ಕಂಪನ 0.08 ಹರ್ಟ್ಸ್ ಅಂತ ನಾನು ಹಿಡಿದಿದ್ದೆ, ಅದನ್ನು ಕೆರಳಿಸದಂತೆ ಅಲ್ಲೇ ಒಂದು ಫಿಲ್ಟರ್ ಹಾಕಿದ್ದೆ. ಅವಳು ಇಟ್ಟಿದ್ದು 0.055. ನನ್ನ ಫಿಲ್ಟರ್ ತಪ್ಪು ಜಾಗದಲ್ಲಿ ಕೂತು, ನಿಜವಾದ ಕಂಪನದ ಹತ್ತಿರ ಕಂಟ್ರೋಲರ್ ಪ್ರತಿಕ್ರಿಯೆಯನ್ನು ತಡಮಾಡಿ (ಫೇಸ್ ಹಿಂದೆ ಬೀಳಿಸಿ), ಕಂಟ್ರೋಲರೇ ಕಂಬಕ್ಕೆ ಶಕ್ತಿ ತುಂಬುವಂತೆ ಮಾಡಿತ್ತು.

ಗೈಡ್‌ಗೆ ತೋರಿಸಿದೆ. ತುಂಬಾ ಹೊತ್ತು ಆ ಗ್ರಾಫನ್ನೇ ನೋಡಿ, ಎರಡರಲ್ಲಿ ಒಂದು ಪೇಪರ್ ಇದೇ ಆಗಲಿ ಅಂದರು.

ಒಂದು ಪ್ರಶ್ನೆ ಉಳಿದಿದೆ. ಡ್ಯಾಂಪಿಂಗ್, ಅಂದ್ರೆ ಕುಣಿತ ತಾನಾಗಿ ತಣಿಯುವ ಪ್ರಮಾಣ, ಎಷ್ಟು ಹಿಡಿಯಬೇಕು? ನಾನು 0.5 ಶೇಕಡಾ ಇಟ್ಟಿದ್ದೇನೆ, ಎಲ್ಲರೂ ಇಡುತ್ತಾರೆ ಅಂತ.

ಲ್ಯಾಬ್‌ವಾಸಿ
ಒಂದೇ ಅಂಕಿ ಇಡಬೇಡಿ. 0.1ರಿಂದ 1 ಶೇಕಡಾವರೆಗೆ ಓಡಿಸಿ ನೋಡಿ. ಲ್ಯಾಬಿನಲ್ಲಿ ಅಳೆದದ್ದನ್ನೂ ಹಾಗೇ ನಂಬಬೇಡಿ. ತೆಳ್ಳಗಿನ ಹಾಳೆಯನ್ನು ಸುತ್ತಲಿನ ಗಾಳಿಯೇ ಹಿಡಿದು ನಿಲ್ಲಿಸುತ್ತದೆ, ಮೇಲೆ ಆ ಗಾಳಿ ಇಲ್ಲ.

ಹಾಯಿಪಟ
ಸರಿ, 0.1ರಿಂದ ಶುರು ಮಾಡುತ್ತೇನೆ. ಗೆಳತಿ ಎರಡನೇ ನೌಕೆ ಬರೆಯುತ್ತಿದ್ದಾಳೆ. ಈ ಸಲ ಒಂದು ಕಂಬ ಬಾಗಿದೆ ಅಂತಷ್ಟೇ ಹೇಳಿದ್ದಾಳೆ. ಯಾವುದು ಅಂತ ಹೇಳಿಲ್ಲ.